ಬಾಲದಲ್ಲಿರುವ ಬೇಡ

ಫ್ಯಾನು ಬರೀ ಗಾಳಿಗೇ ತಿರುಗುತ್ತಿದೆ, ಮೆಲ್ಲಗೆ, ಮೂರು ರೆಕ್ಕೆಯೂ ಬೇರೆಬೇರೆ ಕಾಣುವ ಹಾಗೆ, ಕರೆಂಟು ಹರಿದರೆ ಕಾಣುವುದಿಲ್ಲ, ಹೊಗೆಯಂಥ ಒಂದು ಚಕ್ರ ಅಷ್ಟೇ, ಆವತ್ತೂ ಹಾಗೇ, ಆಮೇಲೆ ರಕ್ತ — ಥೂ, ಬಂದ ಕೆಲಸ ನೋಡು ನಾಗವೇಣಿ, ಎಂದು ತನ್ನನ್ನೇ ಗದರಿಕೊಂಡು ಅವಳು ಎಸಿಯ ಹೊರಪೆಟ್ಟಿಗೆಯ ಜಾಲರಿ ಬಿಚ್ಚಿದಳು. ಮೂಕಂಡಪಲ್ಲಿಯ ಹಲ್ಲಿನ ಆಸ್ಪತ್ರೆಯ ತಾರಸಿ, ಅಂಗಾಲು ಸುಡುವ ಬಿಸಿಲು, ಸೊಂಟಕ್ಕೆ ಸಿಕ್ಕಿಸಿಕೊಂಡ ಫ್ಯೂಸು ಚುಚ್ಚುತ್ತಿದೆ, ಚುಚ್ಚಲಿ, ಇದನ್ನು ಕಿತ್ತಮೇಲೆ ಕೆಳಗೆ ಯಾರು ಸ್ವಿಚ್ಚು ಒತ್ತಿದರೂ ಫ್ಯಾನಿಗೆ ಕರೆಂಟಿಲ್ಲ, ಕಿತ್ತದ್ದನ್ನು ಕುಮಾರೇಶನಿಗೆ ಹೇಳಿಲ್ಲ, ಗಂಡನಾದರೇನು, ಆವತ್ತೂ ಸ್ವಿಚ್ಚಿನ ಹತ್ತಿರ ಅವನೇ ನಿಂತಿದ್ದ. ಬೆಳಿಗ್ಗೆ ಅವನು ಅಂದದ್ದು, ಇವತ್ತೊಂದಿನ ನೋಡ್ತೀನಿ, ಕೈ ನಡುಗ್ತೋ ಇಳ್ದುಬುಡು, ಆಮ್ಯಾಕೆ ಮನೇಲಿ ಕೂತ್ಕಂಡು ಫೋನ್ ಎತ್ತು ಸಾಕು, ಮ್ಯಾಕ್ ಹತ್ತಕ್ಕೆ ಬ್ಯಾರೆ ಆಳ್ ನೋಡ್ಕಂತೀನಿ. ಆಳಂತೆ ಆಳು! ಅತ್ತೆ ಅಂಜಿನಮ್ಮನದು ಇನ್ನೊಂದು ರಾಗ, ಗುಲಾಬಿ ತ್ವಾಟಕ್ಕೆ ಬಾ ಕಣಮ್ಮ, ಮುಳ್ಳು ಚುಚ್ಚಿದ್ರೆ ಬೆಳ್ಳೇನೂ ಹೋಗಕಿಲ್ಲ.

ಹೋದದ್ದು ಎಡಗೈಯ ಎರಡು ಬೆರಳಿನ ತುದಿ. ಅವಳು ಕೂಗಿದ್ದು ಪೋಡಾದೇ, ಹಾಕಬೇಡ ಅಂತ, ತಮಿಳಿನಲ್ಲಿ, ಗಿರಾಕಿಗಳ ಮುಂದೆ ಇಬ್ಬರದೂ ತಮಿಳೇ, ಕನ್ನಡವೇನಿದ್ದರೂ ಹೊಸ್ತಿಲ ಒಳಗೆ, ಅವನಿಗೆ ಕೇಳಿಸಿದ್ದು ಪೋಡು, ಹಾಕು, ಹಾಕಿಯೇಬಿಟ್ಟ. ನೀನ್ ಪೋಡು ಅಂದೆ ಕಣೇ, ನನ್ ಕಿವಿ ಕೆಟ್ಟಿಲ್ಲ. ಅವಲಪಲ್ಲಿಯ ನೆಂಟರೆಲ್ಲ ಅದನ್ನೇ ನಂಬಿದರು, ಕನ್ನಡದಾಗೆ ಕೂಗಬಾರದಿತ್ತಾ ಎಂದರು, ಕನ್ನಡದಲ್ಲಾದರೂ ಏನು, ಹಾಕ್ಬ್ಯಾಡ, ತೆಲುಗಿನಲ್ಲಿ ವೆಯ್ಯೊದ್ದು, ಬೇಡ ಅನ್ನುವುದು ಮೂರರಲ್ಲೂ ಮಾತಿನ ಬಾಲದಲ್ಲೇ ತಾನೇ ಇರುವುದು, ಬಾಲದ ತನಕ ಕೇಳುವ ತಾಳ್ಮೆ ಬೇಡವೇ, ಮದುವೆ ಮಾತಿನ ದಿನವೂ ಹೀಗೇ, ಕೆಲ್ಸ ಬಿಡಾಕಿಲ್ಲ ಅಂದಳು ಇವಳು, ಬಿಡ್ತಾಳಂತೆ ಎಂದು ಎಲೆಅಡಿಕೆ ಬದಲಾಯಿಸಿದರು ಅವರು, ಬಿಟ್ಟಳೇ, ಬಿಡಲಿಲ್ಲ, ಈಗಲೂ ಬಿಡುವುದಿಲ್ಲ.

ಕೈ ಒಳಗೆ ಹಾಕಿದಳು, ಮೊಂಡು ಬೆರಳುಗಳ ಕೈಯನ್ನೇ, ಬೇಕೆಂದೇ, ಸಡಿಲವಾದ ತಿರುಪು ರೆಕ್ಕೆಗಳ ಹಿಂದೆ ಸಿಕ್ಕಿತು, ತಾರಸಿಯ ಅಂಚಿನ ಕಡೆ ಮುಖ ತಿರುಗಿಸಿ ಕೂಗಿದಳು, ಈ ಸಲ ಕನ್ನಡದಲ್ಲೇ, ನೆರೆಹೊರೆಗೂ ಕೇಳಲಿ ಎಂದು, ಇನ್ನೂ ಹಾಕ್ಬ್ಯಾಡಾ — ಕೆಳಗಿಂದ ಅವನ ದನಿ ಆಗಲೇ ಬಂತು, ಹಾಕಾಯ್ತು, ತಿರುಗ್ತಾ ಐತಾ?

ಹಾಕಾಯ್ತಂತೆ. ಅವಳು ಇನ್ನೂ ಜೋರಾಗಿ ಕೂಗಿದಳು, ಬ್ಯಾರೆ ಆಳ್ ಬೇಕಾಗಿರಾದು ಮ್ಯಾಕಲ್ಲ, ಕೆಳಕ್ಕೆ, ಕೇಳುಸ್ತಾ? ಬಾಲದ ತನಕ ಕೇಳುಸ್ತಾ? ಅವಳು ಕೈ ತೆಗೆಯಲಿಲ್ಲ, ಕೈ ನಡುಗುತ್ತಿಲ್ಲ, ಸೊಂಟದಲ್ಲಿ ಫ್ಯೂಸು, ಬೆರಳಿಗೆ ತಾಗಿ ನಿಂತ ಫ್ಯಾನು, ಮೂರು ರೆಕ್ಕೆ, ಮೂರೂ ಕಾಣುತ್ತಿವೆ.