ಸೋಮವಾರದ ವಿಭೂತಿ

ನಮ್ಮತ್ತೆ ಹಾಲಮ್ಮನವರ ಮೇಲೆ ನಾನು ದೂರು ಹೇಳುತ್ತಿದ್ದೇನೆ ಅಂತ ಯಾರೂ ತಿಳಿಯಬಾರದು. ಜಗಳ ಆಡಿದ್ದೇವೆ. ಮದುವೆಯಾಗಿ ಬಂದಾಗಿನಿಂದ ಒಂದೇ ಒಲೆಯ ಮುಂದೆ ಕೂತವರು ಜಗಳ ಆಡದೆ ಇರಲಿಕ್ಕೆ ನಾವೇನು ಶರಣರೇ? ಆದರೆ ಹೋದ ತಿಂಗಳು ಶಿಕಾರಿಪುರದ ನಮ್ಮ ಮನೆಯಲ್ಲಿ ನಡೆದದ್ದನ್ನು ಆ ಮುದುಕಿಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ನನ್ನಿಂದಾಗದು. ನೆನೆದರೆ ಈಗಲೂ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಅವತ್ತು ಭಾನುವಾರ. ಸೊರಬದ ಬಸ್ಸಿನ ಕಂಡಕ್ಟರ್ ಧರ್ಮಪ್ಪ ನಮ್ಮ ಜವಳಿ ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿ ನನ್ನ ಗಂಡ ವೀರಬಸಪ್ಪನವರಿಗೆ ಹೇಳಿದನಂತೆ: "ಸೊರಬದ ಟಿ.ಬಿ. ಬಂಗ್ಲೆಯಾಗೆ ಒಬ್ಬಾಕಿ ಇಳಿದಾಳ್ರೀ, ಕಲ್ಕತ್ತದಿಂದ ಬಂದಾಳೆ. ಅರ್ಮಾನಿ ಸಾಹೇಬ್ರ ಮಗಳಂತೆ. ನಾಳೆ ಮೊದಲ್ನೇ ಬಸ್ಸಿಗೆ ನಿಮ್ಮನಿಗೆ ಬರ್ತಾಳಂತೆ, ಪಟ ತಗಂಡು ಹೋಗಾಕೆ."

ಅರ್ಮಾನಿ ಸಾಹೇಬರು ಅಂದರೆ ಹಾಕೋಬ್ ಸಾಹೇಬರು. ಆರ್ಮೇನಿಯದ ಜನ. ಸೊರಬದ ಕಡೆ ಕಾಡಿನಲ್ಲಿ ಮರದ ಕಂತ್ರಾಟು ಮಾಡುತ್ತಿದ್ದರು. ಮರ ಸಾಗಿಸುವ ಗಾಡಿಗಳು ನಮ್ಮ ಮಾವ ಪರಮಶಿವಪ್ಪನವರವು. ಹಾಗೆ ಗೆಳೆತನ. ಮೊದಲನೇ ಯುದ್ಧದ ಕಾಲಕ್ಕೆ ತುರ್ಕಿಯಲ್ಲಿ ಅವರ ಜನರನ್ನೆಲ್ಲ ಊರು ಬಿಡಿಸಿ, ಮರಳುಗಾಡಿನ ದಾರಿಯಲ್ಲಿ ನಡೆಸಿ ನಡೆಸಿಯೇ ಕೊಂದರಂತೆ. ಸಾಹೇಬರು ಆಗ ವ್ಯಾಪಾರಕ್ಕೆಂದು ಬಸ್ರಾದಲ್ಲಿದ್ದರು. ಹೆಂಡತಿ, ತಂದೆ ತಾಯಿ, ಇಬ್ಬರು ಗಂಡುಮಕ್ಕಳು, ತಂಗಿ, ಎಲ್ಲರೂ ಹೋದರು. ಎದೆಹಾಲು ಕುಡಿಯುವ ಕೂಸನ್ನು ಯಾರೋ ಪುಣ್ಯಾತ್ಮರು ಅಲೆಪ್ಪೊ ಪಟ್ಟಣದ ಅನಾಥಾಲಯಕ್ಕೆ ಮುಟ್ಟಿಸಿದ್ದರಿಂದ ಅದೊಂದು ಉಳಿಯಿತು. ಯುದ್ಧ ಮುಗಿದ ಮೇಲೆ ಸಾಹೇಬರು ಹೋಗಿ ಅದನ್ನು ಕರೆತಂದರಂತೆ. ಅದೇ ಶೂಶಾನ್. ನಮ್ಮ ಮನೆಯವರ ಬಾಯಲ್ಲಿ ಸೂಸವ್ವ.

ಧರ್ಮಪ್ಪ ಹೇಳಿದ ಪಟ ಅಂದರೆ, ಸಾಹೇಬರ ಹೆಂಡತಿ ಆ ಗಲಾಟೆಗೆ ಮುಂಚೆ ಮನೆಯವರನ್ನೆಲ್ಲ ಕೂರಿಸಿ ತೆಗೆಸಿ ಬಸ್ರಾಕ್ಕೆ ಕಳಿಸಿದ ಪಟ ಅದು. ಸಾಹೇಬರಿಗೆ ಅದನ್ನು ನೋಡುವ ಧೈರ್ಯವೇ ಇರಲಿಲ್ಲ. ಬಟ್ಟೆ ಸುತ್ತಿ ಟ್ರಂಕಿನ ತಳದಲ್ಲಿ ಬೀಗ ಹಾಕಿ ಇಟ್ಟಿದ್ದರು. ಮಗಳು ಅತ್ತು ಕೇಳಿದರೂ "ದೊಡ್ಡವಳಾಗು, ತೋರಿಸ್ತೀನಿ" ಅನ್ನುತ್ತಿದ್ದರಂತೆ. ಮಗಳು ಕಲ್ಕತ್ತದಲ್ಲಿ ತಮ್ಮವರ ಶಾಲೆಯಲ್ಲಿ ಓದುತ್ತಿದ್ದಾಗ ಸಾಹೇಬರಿಗೆ ಚಳಿಜ್ವರ ಗಟ್ಟಿಯಾಗಿ ಹಿಡಿಯಿತು. ಪಟವನ್ನು ನಮ್ಮ ಮಾವನ ಕೈಗಿಟ್ಟು, "ಮಗಳು ಬಂದು ಕೇಳೋವರೆಗೆ ಇಟ್ಕೊಳ್ಳಿ, ಅಂಚೆಗೆ ಹಾಕ್ಬೇಡಿ, ಪ್ರಪಂಚದಲ್ಲಿ ಉಳಿದಿರೋದು ಇದೊಂದೇ" ಅಂದು, ಸೊರಬದ ಮಣ್ಣಿಗೇ ಸೇರಿದರು. ಆಮೇಲೆ ಮಗಳಿಗೆ ಮದುವೆ, ರಂಗೂನು, ಎರಡನೇ ಯುದ್ಧ, ಓಡಾಟ. ಬರಲಿಕ್ಕೇ ಆಗಲಿಲ್ಲ. ಆದರೆ ಕಾಗದ ಬರೆದಾಗಲೆಲ್ಲ ಒಂದು ಮಾತು ಇರುತ್ತಿತ್ತು: ನಮ್ಮಮ್ಮನ ಮುಖ ಹೇಗಿತ್ತು ಅಂತ ನನಗೆ ಗೊತ್ತಿಲ್ಲ, ಅದು ನಿಮ್ಮ ಮನೆಯಲ್ಲಿ ಭದ್ರವಾಗಿದೆ ಅನ್ನುವುದೇ ನನಗೆ ಸಮಾಧಾನ.

ಭಾನುವಾರ ಅತ್ತೆ ಮಲಗಿದ್ದಾಗ ದೇವರಮನೆಯಿಂದ ಪಟ ತೆಗೆದು, ಧೂಳು ಒರೆಸಿಡೋಣ ಅಂತ ಹಿತ್ತಲಿನ ಬೆಳಕಿಗೆ ತಂದೆ. ಉಡುಪು ಇತ್ತು, ಕುರ್ಚಿ ಇತ್ತು, ಮುದುಕನ ಕೋಟಿನ ಗುಂಡಿಗಳೂ ಇದ್ದವು. ಮುಖಗಳಿರಲಿಲ್ಲ. ಕತ್ತಿನ ಮೇಲೆ ಬರೀ ಬಿಳಿ ಕಾಗದ, ಉಜ್ಜಿ ಉಜ್ಜಿ ನಾರೆದ್ದ ಕಾಗದ. ಪೂರ್ತಿ ನೋಡುವ ತಾಳ್ಮೆಯೂ ಇಲ್ಲದೆ ಒಯ್ದು ಇದ್ದಲ್ಲೇ ಇಟ್ಟೆ.

ಯಾಕೆ ಹೀಗಾಯಿತು ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ಅವರ ಪಟದ ಪಕ್ಕದಲ್ಲೇ ಇದನ್ನೂ ಇಟ್ಟರು. "ಅನ್ಯಾಯದಾಗೆ ಸತ್ತೋರು, ಅವರಿಗೆ ದೀಪ ಹಚ್ಚೋರು ಯಾರದಾರೆ? ನಮ್ಮನಿಗೆ ಬಂದಾರೆ, ನಮ್ಮೋರೇ" ಅನ್ನುತ್ತಿದ್ದರು. ಪ್ರತಿ ಸೋಮವಾರ ಒದ್ದೆ ಬಟ್ಟೆಯಲ್ಲಿ ಹಿಂದಿನ ವಾರದ ವಿಭೂತಿ ಒರೆಸಿ, ಒಬ್ಬೊಬ್ಬರ ಹಣೆಗೂ ಹೆಬ್ಬೆರಳಿನಲ್ಲಿ ಹೊಸದಾಗಿ ಹಚ್ಚುವುದು. ಮಾವನ ಪಟಕ್ಕೆ ಗಾಜು ಇತ್ತು, ಏನೂ ಆಗಲಿಲ್ಲ. ಇದು ಗಾಜಿಲ್ಲದ ರಟ್ಟು. ಬರುಬರುತ್ತ ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂತು, ಬೆರಳಿಗೇ ಅಭ್ಯಾಸವಾಗಿತ್ತು, ನಡೆಯಿತು. ಪೊರೆ ಅವರಿಗೆ ಬಂದಿತ್ತು ಸರಿ. ನೀರಿನ ಬಟ್ಟಲು ಕೈಗೆ ಕೊಡುತ್ತಿದ್ದ ನನ್ನ ಕಣ್ಣಿಗೆ ಏನಾಗಿತ್ತು? ನನಗೆ ರೊಟ್ಟಿ ಬೇಯಿಸುವ ಅವಸರ. ಆ ಪಟದ ಕಡೆ ಕತ್ತೆತ್ತಿ ನೋಡಿದವಳಲ್ಲ.

ರಾತ್ರಿ ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿದೆ. ಅವರು ತುತ್ತು ಕೈಯಲ್ಲೇ ಹಿಡಿದು ಕೂತರು.

"ಅವ್ವಗೆ ಗೊತ್ತೈತೇನು?"

"ಅವ್ರಿಗೆ ಹೆಂಗೆ ಗೊತ್ತಾಗ್ತತ್ರೀ? ಗೊತ್ತಾದ್ರೆ ಎದಿ ಒಡಕಂತಾರೆ."

"ಮತ್ತೆ ಆಕಿಗೆ ಏನಂತ ಹೇಳಾದು?"

"ಗೆದ್ಲು ತಿಂತು ಅಂತ ಹೇಳನ. ಗೆದ್ಲು ತಿಂದ್ರೆ ಯಾರ ತಪ್ಪೈತಿ?"

"ನೀನೇ ಹೇಳು ಹಂಗಾದ್ರೆ. ನನ್ನ ಬಾಯಾಗೆ ಸುಳ್ಳು ನಿಲ್ಲಂಗಿಲ್ಲ" ಅಂದರು ಮಹಾನುಭಾವರು. ಬೆಳಗಾಗೆದ್ದು, ಯಾವತ್ತೂ ಇಲ್ಲದ್ದು, ಬಸ್ಸು ಬರುವ ಮುಂಚೆಯೇ ಅಂಗಡಿಗೆ ಹೊರಟುಬಿಟ್ಟರು. ಸತ್ಯವಂತರಿಗೆ ಅಷ್ಟೊಂದು ಅವಸರ ಯಾಕೆ ಅಂತ ನಾನು ಕೇಳಲಿಲ್ಲ.

ಸೂಸವ್ವ ಬಂದಳು. ನರೆತ ಕೂದಲು, ಬೂದು ಬಣ್ಣದ ಗೌನು, ಕೈಯಲ್ಲೊಂದು ಚರ್ಮದ ಚೀಲ. ಪರದೇಶದ ಹೆಂಗಸಿನ ಹತ್ತಿರ ಹೇಗಪ್ಪಾ ಮಾತಾಡುವುದು ಅಂತ ನಾನಿದ್ದರೆ, ಆಕೆ ಜಗುಲಿ ಹತ್ತುತ್ತಲೇ ಸೊರಬದ ಕನ್ನಡದಲ್ಲಿ "ನಿಮ್ಮತ್ತೆ ಹುಷಾರಾಗಿದಾರಾ? ಸಣ್ಣೋಳಿದ್ದಾಗ ಅಪ್ಪ ಗಾಡಿ ಮೇಲೆ ಕರ್ಕೊಂಡು ಬರ್ತಿದ್ರು, ಅವರು ಬೆಣ್ಣೆ ಹಚ್ಚಿ ರೊಟ್ಟಿ ಕೊಡ್ತಿದ್ರು" ಅಂದಳು. ಅಲ್ಲಲ್ಲಿ ತಡೆಯುತ್ತಿದ್ದಳು ಅಷ್ಟೇ. ಅತ್ತೆ ಪೂಜೆಗೆ ಕೂತಿದ್ದಾರೆ ಅಂದೆ. ಪೂಜೆ ಮುಗಿಯುವುದರೊಳಗೆ ಮಾತು ಮುಗಿಸಿಬಿಡುವ ಲೆಕ್ಕ ನನ್ನದು. ಕಾಫಿ ಕೊಟ್ಟೆ.

"ಕಲ್ಕತ್ತದಲ್ಲಿ ನಮ್ಮ ಜನ ಎಲ್ಲ ಮನೆ ಖಾಲಿ ಮಾಡ್ತಾ ಇದಾರೆ, ಆಸ್ಟ್ರೇಲಿಯಾಕ್ಕೆ ಹೋಗ್ತಾ ಇದಾರೆ. ನಾವೂ ಹೊರಟಿದೀವಿ" ಅಂದಳು. "ಚೆದುರಿ ಹೋಗೋ ಮುಂಚೆ ಎಲ್ಲರ ಮನೆ ಹಳೇ ಪಟಾನೂ ಒಟ್ಟು ಮಾಡಿ, ಯಾರು ಯಾರು ಅಂತ ಬರೆದು, ಇನ್ನೊಂದು ಪ್ರತಿ ತೆಗ್ಸಿ ಚರ್ಚಲ್ಲಿ ಇಡ್ತಾರಂತೆ. ಒಬ್ಬೊಬ್ಬರು ಅಮ್ಮಂದು, ಅಜ್ಜಿದು ತಂದು ಕೊಟ್ರು. ನಾನೊಬ್ಬಳೇ ಬರಿಗೈ. ನಮ್ಮಮ್ಮ ಶಿಕಾರಿಪುರದಲ್ಲಿದಾಳೆ, ತರ್ತೀನಿ ಅಂದ್ರೆ ನಗ್ತಾರೆ ಮಾರಾಯ್ರೆ."

ನಗುನಗುತ್ತಲೇ ಹೇಳಿದಳು. ಆಗಲಾದರೂ ನಾನು ನಿಜ ಹೇಳಬಹುದಿತ್ತು. ನಮ್ಮ ಮನೆತನದ ಮರ್ಯಾದೆ ಅನ್ನುವ ದೊಡ್ಡಸ್ತಿಕೆ ಅಡ್ಡ ಬಂತು.

"ಪಟ ಗೆದ್ಲು ತಿಂದ್ಬಿಡ್ತ್ರೀ" ಅಂದೆ. "ಹೋದ ಮಳಿಗಾಲದಾಗೆ."

ಆಕೆ ಲೋಟ ಕೆಳಗಿಟ್ಟಳು. "ಪೂರ್ತಿನಾ?"

"ಪೂರ್ತಿ."

"ಒಂದು ಚೂರೂ ಇಲ್ವಾ? ಮೂಲೆ ಗೀಲೆ?"

"ಇಲ್ರೀ."

ಬೈದಿದ್ದರೆ ಒಳ್ಳೆಯದಿತ್ತು. ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಆಕೆ ನನ್ನ ಕೈ ಮುಟ್ಟಿ, "ಹೋಗ್ಲಿ ಬಿಡಿ, ನೀವೇನು ಮಾಡ್ತೀರಿ? ಇಷ್ಟು ವರ್ಷ ಇಟ್ಕೊಂಡಿದ್ರಲ್ಲ" ಅಂದಳು. ನನ್ನನ್ನೇ ಸಮಾಧಾನ ಮಾಡಿದಳು.

"ನೀಲಾ, ಯಾರ ಮನಿಯಾಗೆ ಗೆದ್ಲು?"

ಅತ್ತೆಯ ದನಿ. ಪಟವನ್ನು ಎದೆಗೆ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಗೋಡೆ ಸವರುತ್ತ ನಡುಮನೆಗೆ ಬಂದರು. "ಸೂಸವ್ವ ಬಂದೀಯೇನವ್ವ? ಈಕಿ ಮಾತು ಕೇಳಬ್ಯಾಡ, ಈಕಿಗೆ ಏನೂ ಗೊತ್ತಿಲ್ಲ. ಗೆದ್ಲು ಹತ್ತಾಕೆ ನಾನು ಬಿಡ್ತೀನೇನು? ತಗೋ ನಿಮ್ಮೋರನ್ನ. ಈಗಷ್ಟೇ ಪೂಜಿ ಮಾಡೀನಿ, ವಿಭೂತಿ ಇನ್ನೂ ಹಸಿ ಐತಿ."

ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಸುಳ್ಳೂ ಬಯಲಾಯಿತು, ಪಟವೂ ಬಯಲಾಯಿತು.

ಸೂಸವ್ವ ಎದ್ದು ಎರಡೂ ಕೈಯಲ್ಲಿ ಪಟ ತೆಗೆದುಕೊಂಡಳು. ಬಾಗಿಲ ಬೆಳಕಿಗೆ ಹಿಡಿದಳು. ಬಿಳಿ ಕಾಗದದ ಮೇಲೆ ಬಿಳಿ ಪಟ್ಟೆಗಳು. ತಿರುಗಿಸಿ ಹಿಂದೆ ನೋಡಿದಳು. ಅಲ್ಲಿ ಅವರ ಲಿಪಿಯಲ್ಲಿ ಸಾಲಾಗಿ ಹೆಸರು ಬರೆದಿತ್ತು, ಒಂದಕ್ಷರವೂ ಮಾಸಿರಲಿಲ್ಲ. ತುಟಿಯಲ್ಲೇ ಓದಿಕೊಂಡು ಮತ್ತೆ ಮುಂದೆ ತಿರುಗಿಸಿ, ನಡುವಿನ ಕುರ್ಚಿಯಲ್ಲಿ ಕೂತ ಹೆಂಗಸಿನ ಮೇಲೆ ಬೆರಳಿಟ್ಟಳು. ಅಲ್ಲೂ ಮುಖವಿರಲಿಲ್ಲ.

ಅತ್ತೆ ಪೊರೆ ತುಂಬಿದ ಕಣ್ಣು ಅರಳಿಸಿಕೊಂಡು ನಿಂತಿದ್ದರು. "ಹೆಂಗದಾರವ್ವ ನಿಮ್ಮೋರು? ಚೊಲೋ ಅದಾರೇನು?"

ಸೂಸವ್ವ ಅವರ ಕಣ್ಣು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ.

"ಚೆನ್ನಾಗಿದಾರೆ ಅಮ್ಮ. ಎಲ್ಲರೂ ಇದಾರೆ."

"ನಿಮ್ಮವ್ವ ನಿನ್ನಂಗೇ ಅದಾಳಲ್ಲ? ನನ್ನ ಕಣ್ಣು ನೆಟ್ಟಗಿದ್ದಾಗ ನೋಡೀನಲ್ಲ, ಅದೇ ಮೂಗು."

ಸೂಸವ್ವ ತನ್ನ ಮೂಗು ಸವರಿಕೊಂಡಳು. "ಹೌದಮ್ಮ" ಅಂದಳು, "ನನ್ನ ಹಾಗೇ ಇದಾಳೆ."

ಮತ್ತೆ ಪಟಕ್ಕೆ ಬಾಗಿದಳು. ಆಗ ನನಗೂ ಕಂಡಿತು. ಮುಖವಿಲ್ಲದ ಆ ತಾಯಿಯ ತೊಡೆಯ ಮೇಲೆ ಒಂದು ಕೂಸು. ಕಸೂತಿ ಕುಲಾವಿ, ದುಂಡು ಕಣ್ಣು, ಇನ್ನೇನು ಅಳುತ್ತದೆ ಅನ್ನುವಂತೆ ಚಾಚಿದ ಕೆಳತುಟಿ. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಅಷ್ಟು ಜನರಲ್ಲಿ ಅದೊಂದೇ ಮುಖ.

"ಅಮ್ಮ, ಈ ಮಗೂಗೆ ಯಾಕೆ ವಿಭೂತಿ ಹಚ್ಚಿಲ್ಲ?"

"ಒಳ್ಳೆ ಹೇಳ್ತಿ" ಅಂದರು ಅತ್ತೆ. "ಅದು ನೀನಲ್ಲೇನು? ಬದುಕಿರೋರ ಪಟಕ್ಕೆ ಯಾರಾದ್ರೂ ಪೂಜಿ ಮಾಡ್ತಾರೇನು? ನಿನಗೇನೂ ಆಗಬಾರ್ದು ಅಂತ ಒಂದಿನಾನೂ ಅದಕ್ಕೆ ಹೆಬ್ಬೆಟ್ಟು ಸೋಕಿಸಿಲ್ಲ. ಕಣ್ಣು ಹೋದ ಮ್ಯಾಲಂತೂ ಎಡಗೈ ಅಡ್ಡ ಹಿಡಕಂಡು ಉಳಿದೋರಿಗೆ ಹಚ್ತಿದ್ದೆ."

ಸೂಸವ್ವ ಬಾಗಿಲಿಗೆ ಒರಗಿದಳು. ಅಳಲಿಲ್ಲ. "ಹಾಗಾದ್ರೆ ನಾನು ಹೋದ ಮೇಲೆ ಇದಕ್ಕೂ ಹಚ್ಚಬಹುದು" ಅಂದಳು, ತನಗೇ ಹೇಳಿಕೊಳ್ಳುವ ಹಾಗೆ.

"ಬಿಡ್ತು ಅನ್ನು. ಮೊದ್ಲು ಬಿಡ್ತು ಅನ್ನು."

"ಬಿಡ್ತು ಅಮ್ಮ."

ಅತ್ತೆ ಸೆರಗಿನ ಗಂಟಿನಿಂದ ವಿಭೂತಿ ಗಟ್ಟಿ ತೆಗೆದು ತಡಕಾಡಿ ಆಕೆಯ ಕೈಗಿಟ್ಟರು. "ಆ ದೇಶದಾಗೆ ಇದು ಸಿಗ್ತತೋ ಇಲ್ಲೋ. ಸೋಮವಾರ ತಪ್ಪಿಸಬ್ಯಾಡ. ಹಳೇದು ಹಂಗೇ ಉಳಿಬಾರ್ದು ಮತ್ತೆ. ಒದ್ದಿ ಬಟ್ಟಿ ತಗಂಡು ಮುಖ ಚೆನ್ನಾಗಿ ಒರಸು, ಆಮ್ಯಾಲೆ ಹಚ್ಚು."

"ಆಯ್ತಮ್ಮ" ಅಂದಳು ಸೂಸವ್ವ. "ಚೆನ್ನಾಗಿ ಒರಸ್ತೀನಿ."

ಪಟ ಸುತ್ತಲಿಕ್ಕೆ ಒಂದು ಬಟ್ಟೆ ಕೊಡ್ತೀರಾ ಅಂತ ಆಕೆ ನನ್ನನ್ನು ಕೇಳಿದಳು. ತಂದು ಕೊಟ್ಟೆ. ಆಕೆಯ ಮುಖ ನೋಡಲಿಕ್ಕೆ ನನ್ನಿಂದ ಆಗಲಿಲ್ಲ.