ಮಾಯವ್ವನ ಶುಭ ಶುಕ್ರವಾರ

ಕಣ್ಣು ಮುಚ್ಚಿದರೆ ಸಾಕು, ಮಾಯವ್ವನಿಗೆ ಸಲಿಕೆ ಕಾಣುತ್ತಿತ್ತು. ಖಾನಾಪುರದ ಹಂಚಿನ ಭಟ್ಟಿಯಲ್ಲಿ, ಕುಡಿದ ಜಗಳದಲ್ಲಿ, ಸತ್ಯಪ್ಪ ಎಂಬವನು ಅವಳ ಗಂಡ ಎಲೀಷನ ತಲೆ ಸೀಳಿದ ಸಲಿಕೆ. ಇಬ್ಬರೂ ಒಂದೇ ಬುತ್ತಿ ಹಂಚಿಕೊಂಡು ಉಂಡ ಗೆಳೆಯರು. ಅವಳು ರೊಟ್ಟಿ ಹೊತ್ತು ಹೋದಾಗ ಗಂಡ ಮಣ್ಣಿನ ಗುಡ್ಡೆಯ ಮೇಲೆ ಬೋರಲು ಬಿದ್ದಿದ್ದ. ಹಸಿ ಮಣ್ಣು ಅವನ ರಕ್ತವನ್ನೆಲ್ಲ ಕುಡಿದು ಕರ್ರಗಾಗಿತ್ತು.

ಆಮೇಲೆ ಅವಳು ಬೆಳಗಾವಿಗೆ ಬಂದು, ಪೀರನವಾಡಿಯಲ್ಲಿ ಒಂದು ಖೋಲಿ ಹಿಡಿದು, ಅನಗೋಳದ ಖಾನಾವಳಿಯಲ್ಲಿ ರೊಟ್ಟಿ ಬಡಿಯತೊಡಗಿದಳು. ಮುಂಜಾನೆ ಒಲೆ ಹಚ್ಚುವ ಮೊದಲು ಮೊಣಕಾಲೂರುವಳು. "ಸ್ವಾಮಿ" ಎನ್ನುವಷ್ಟರಲ್ಲಿ ಮನಸ್ಸು ಹಿಂಡಲಗಾ ಜೈಲಿನ ಗೋಡೆ ಹಾರಿ, ಸತ್ಯಪ್ಪನ ಕುತ್ತಿಗೆ ಹುಡುಕುತ್ತ ಹೋಗಿರುತ್ತಿತ್ತು. ಎಳೆದು ತಂದರೆ ಮತ್ತೆ ಹೋಗುವುದು. ಪಾಸ್ಟರ್ ಮಧುಕರರ ಮುಂದೆ ಒಮ್ಮೆ ಅತ್ತೇಬಿಟ್ಟಳು.

"ಮನಸ್ಸು ಹೋತಂತ ಅಳಬ್ಯಾಡವಾ," ಎಂದಿದ್ದರು ಅವರು. "ಹೋದಷ್ಟು ಸಲ ಕರಕೊಂಡು ಬಾ. ಕರಿಯೂದು ಬಿಟ್ಟಿ ಅಂದ್ರ ಅದು ಅಲ್ಲೇ ಮನಿ ಮಾಡ್ತೈತಿ."

ಶುಭ ಶುಕ್ರವಾರದ ಮಧ್ಯಾಹ್ನ ಚರ್ಚು ತುಂಬಿತ್ತು. ಶಿಲುಬೆಯ ಮೇಲಿಂದ, ತನ್ನನ್ನು ಹೊಡೆದವರಿಗಾಗಿ ಕರ್ತನು ಕ್ಷಮೆ ಬೇಡಿಕೊಂಡ ಮಾತಿನ ಮೇಲೆ ಪಾಸ್ಟರ್ ಉಪದೇಶ ಮಾಡುತ್ತಿದ್ದರು. ಮಾಯವ್ವ ಸೆರಗು ತಲೆ ಮೇಲೆ ಎಳೆದುಕೊಂಡು, ಹಲ್ಲು ಕಚ್ಚಿ ಕೇಳುತ್ತಿದ್ದಳು. ಅಷ್ಟರಲ್ಲಿ ಕಿಟಕಿಯಾಚೆ ತಮ್ಮ ಕರೆಪ್ಪ ಕಂಡ. ಅವನು ಚರ್ಚಿನ ಮೆಟ್ಟಿಲು ಹತ್ತಿದವನಲ್ಲ. ಕೈಸನ್ನೆ ಮಾಡಿ ಕರೆದ. ಅವಳು ಎದ್ದು ಹೊರಗೆ ಬಂದಳು.

"ಅಕ್ಕಾ, ಸತ್ಯಪ್ಪನ್ನ ಜೈಲಿನಿಂದ ಬಿಟ್ಟಾರ. ಅದ ಭಟ್ಟಿಗೆ ಮತ್ತ ಕೆಲಸಕ್ಕ ಹೊಂಟಾನಂತ. ಕೊಲಿ ಆದಾಗ ನಾ ಗೋವಾದಾಗಿದ್ದೆ, ಅವನ ಮಾರಿ ನೋಡಿಲ್ಲ. ನೀ ಬಂದು ತೋರಿಸು, ಸಾಕು."

"ತೋರಿಸಿದ್ರ ಏನ್ ಮಾಡ್ತಿ?"

"ನಿಮ್ಮ ಯೇಸು ಕ್ಷಮಾ ಮಾಡ್ಲಿ. ನಾ ಮಾಡಂಗಿಲ್ಲ."

ಒಳಗೆ ಹಾಡು ಸುರುವಾಯಿತು. ಅವಳಿಗೆ ಇಷ್ಟವಾದ ಹಾಡು. ಮಾಯವ್ವ ಬಾಗಿಲ ಬಳಿಯ ರಾಶಿಯಲ್ಲಿ ತನ್ನ ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು.

ಕರೆಪ್ಪನ ಬೈಕು ಖಾನಾಪುರದ ದಾರಿ ಹಿಡಿಯಿತು. ತಮ್ಮನ ಅಂಗಿಯೊಳಗಿನ ಕಬ್ಬಿಣದ ರಾಡು ಅವಳ ಎದೆಗೆ ಒತ್ತುತ್ತಿತ್ತು. ಒಮ್ಮೆ ಪ್ರಾರ್ಥನೆ ಮಾಡೋಣವೆನಿಸಿತು, ಮಾಡಲಿಲ್ಲ. ಮಾಡಿದರೆ ಎಲ್ಲಿ ಇಳಿದುಬಿಡಬೇಕಾಗುತ್ತದೋ ಎಂದು ಹೆದರಿದಳು.

ಭಟ್ಟಿಯಲ್ಲಿ ಸತ್ಯಪ್ಪ ಮೊಣಕಾಲುಮಟ ಕೆಸರಲ್ಲಿ ನಿಂತು ಮಣ್ಣು ತುಳಿಯುತ್ತಿದ್ದ. ಬಾಜೂಕ ನೆರಳಲ್ಲಿ ಅವನ ಮುದಿ ತಾಯಿ ಫಕೀರವ್ವ ಕೂತಿದ್ದಳು. ಮಾಯವ್ವ ಬೆರಳೆತ್ತಿದಳು. "ಅವನ ನೋಡು."

ಕರೆಪ್ಪನ ಮೊದಲ ಏಟಿಗೆ ಸತ್ಯಪ್ಪನ ಕಿವಿ ಹರಿದು ಜೋತುಬಿತ್ತು. ಅವನೇನು ಸುಮ್ಮನೆ ಬೀಳುವ ಆಳಲ್ಲ. ಕರೆಪ್ಪನ ನಡು ಹಿಡಿದು ಕೆಸರಿಗೆ ಎಳೆದು, ತೋಳಿಗೆ ಬಾಯಿ ಹಾಕಿ ಮಾಂಸ ಕಿತ್ತ. ಕರೆಪ್ಪ ಚೀರಿದ, ರಾಡು ಜಾರಿತು. ಸತ್ಯಪ್ಪ ಅವನ ಎದೆ ಮೇಲೆ ಕೂತು ಮಾರಿಯನ್ನು ಮಣ್ಣಿಗೆ ಅಮುಕತೊಡಗಿದ. ಆಗ ಮಾಯವ್ವನ ಕೈಗೆ, ಗೋಡೆಗೆ ಆನಿಸಿಟ್ಟ ಸಲಿಕೆಯೊಂದು ಸಿಕ್ಕಿತು.

ಹೆಗಲಿಗೆ ಬಾರಿಸಿದಳು. ಎಲುಬು ಮುರಿದದ್ದು ಕೈಗೆ ತಿಳಿಯಿತು. ಸತ್ಯಪ್ಪ ಹೊರಳಿ ಬಿದ್ದು ಅವಳನ್ನು ನೋಡಿದ.

"ವೈನಿ..." ಎಂದ. ಎಲೀಷ ಬದುಕಿದ್ದಾಗ, ಗೆಳೆಯನ ಹೆಂಡತಿ ಅತ್ತಿಗೆಯಂತೆ ಎಂದು ಸತ್ಯಪ್ಪ ಅವಳನ್ನು ಹಾಗೇ ಕರೆಯುತ್ತಿದ್ದ. ತಡೆಯಲೆತ್ತಿದ ಕೈಯನ್ನು ಕೆಳಗಿಳಿಸಿದ.

ಆದರೂ ಹೊಡೆದಳು, ಪಕ್ಕೆಲುಬಿಗೆ. ಹೊಡೆದೊಡನೆ ಅವಳ ಮೈ ಹಗುರಾಯಿತು. ಎದೆಯೊಳಗೆ ತಂಪು ನೀರು ಹರಿದಂತಾಯಿತು. ಇಷ್ಟು ವರ್ಷ ಮೊಣಕಾಲೂರಿ ಬೇಡಿದರೂ ಸಿಗದ ಸಂತೋಷ, ರಕ್ತ ಕಾರುತ್ತಿದ್ದ ಒಬ್ಬ ಮನುಷ್ಯನಿಂದ ಸಿಗುತ್ತಿತ್ತು. ಇನ್ನೊಂದು ಹೊಡೆದರೆ ಇನ್ನಷ್ಟು ಸಿಗುತ್ತದೆಂದು ಅವಳಿಗೆ ಖಾತ್ರಿಯಾಗಿ ಗೊತ್ತಿತ್ತು. ಅದು ಗೊತ್ತಾದದ್ದೇ ತಡ, ಸಲಿಕೆಯನ್ನು ನೆಲಕ್ಕೂರಿ ಒಂದು ಹೆಜ್ಜೆ ಹಿಂದೆ ಸರಿದಳು. ಅಂದು ಸತ್ಯಪ್ಪನಿಗೂ ಹೀಗೇ ಆಗಿತ್ತೇನೋ!

ಕರೆಪ್ಪ ಕೆಸರು ಉಗುಳುತ್ತ ಎದ್ದಿದ್ದ. ರಾಡು ಎತ್ತಿಕೊಂಡಿದ್ದ. "ಅತ್ತ ಸರಿ ಅಕ್ಕಾ, ಅವನ ತಲಿ ಒಡೀತೇನಿ."

"ಬ್ಯಾಡ, ಕರೆಪ್ಪಾ."

"ಸರಿ ಅಂದೆ!"

ದೇವರನ್ನು ಕರೆಯಲು ನೋಡಿದಳು. ಕಲಿತ ಪ್ರಾರ್ಥನೆಗಳಲ್ಲಿ ಒಂದೂ ನೆನಪಾಗಲಿಲ್ಲ. "ಯೇಸಪ್ಪಾ" ಎಂಬುದೊಂದೇ ಬಾಯಿಂದ ಬಂತು, ಅದೂ ಗೊಗ್ಗರಾಗಿ. ರಾಡು ಮೇಲೆದ್ದಿತು. ಮಾಯವ್ವ ಸಲಿಕೆ ತಿರುವಿ, ಅದರ ಹಿಡಿಯಿಂದ ತಮ್ಮನ ಮೊಣಕಾಲಿಗೆ ಹೊಡೆದಳು. ಅವನು ಕಡಿದ ಮರದಂತೆ ಉರುಳಿ, ಕಾಲು ಹಿಡಿದು ಅರಚಿದ.

"ನನ್ನ ಹೊಡದೀಯಲ್ಲ, ಅಕ್ಕಾ! ಒಡಹುಟ್ಟಿದಾವನ್ನ!"

ಅವಳು ಸತ್ಯಪ್ಪನ ಪಕ್ಕ ಮೊಣಕಾಲೂರಿದಳು. ಸೆರಗು ಹರಿದು ಸತ್ಯಪ್ಪನ ಕಿವಿಗೆ ಕಟ್ಟಿದಳು. ಫಕೀರವ್ವನ ಚೀರಾಟ ಕೇಳಿ ಭಟ್ಟಿಯ ಆಳುಗಳು ಓಡಿಬಂದು ಇಬ್ಬರನ್ನೂ ಹಂಚು ಸಾಗಿಸುವ ಟೆಂಪೋಕ್ಕೆ ಹಾಕಿ ದವಾಖಾನೆಗೆ ಒಯ್ದರು.

ಕರೆಪ್ಪನ ಕಾಲಿಗೆ ಪ್ಲಾಸ್ಟರ್ ಬಿತ್ತು. ಅವನು ಅಕ್ಕನ ಕಡೆ ತಿರುಗಿ ನೋಡಲಿಲ್ಲ. ಸತ್ಯಪ್ಪ ಉಳಿಯುತ್ತಾನೆ, ಆದರೆ ಬಲಗೈ ಮೊದಲಿನಂತಾಗುವುದಿಲ್ಲ ಎಂದರು ಡಾಕ್ಟರು. ಮಾಯವ್ವ ತಾನೇ ಪೊಲೀಸರಿಗೆ ಫೋನು ಮಾಡಿಸಿ, ವಾರ್ಡಿನ ಹೊರಗೆ ನೆಲದ ಮೇಲೆ ಕೂತಳು. ಕಣ್ಣು ಮುಚ್ಚಿದಳು. ಮನಸ್ಸು ಠಾಣೆಗೆ ಹೋಯಿತು, ತಮ್ಮನ ಕಾಲಿಗೆ ಹೋಯಿತು, ಆ ಹಾಳು ಸಂತೋಷದ ಕಡೆಗೂ ಹೋಯಿತು. ಪ್ರತಿ ಸಲವೂ ಯೇಸಪ್ಪನ ಹೆಸರು ಹಿಡಿದು ಅದನ್ನು ಕರೆದುಕೊಂಡು ಬಂದಳು.

ಫಕೀರವ್ವ ಹೊರಗೆ ಬಂದು ಅವಳ ಮಾರಿಗೆ ಉಗುಳಿದಳು. ಮಾಯವ್ವ ಅಲುಗಲಿಲ್ಲ. ಮುದುಕಿ ಹೋಗಲೂ ಇಲ್ಲ, ನಿಂತೇ ಇದ್ದಳು.

"ಕೊಲ್ಲಾಕ ಬಂದಾಕಿ, ಮತ್ತ ಯಾಕ ಬಿಡಿಸಿದಿ?"

"ಹೊಡಿಯಾಕತ್ತಾಗ ನನಗ ಭಾಳ ಸಂತೋಷ ಆತವ್ವಾ," ಎಂದಳು ಮಾಯವ್ವ. "ಅದಕ್ಕ ಹೆದರಿದೆ."

ಫಕೀರವ್ವ ಅವಳನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಮಗನ ಹತ್ತಿರ ಹೋದಳು. ಹೊರಗೆ ಪೊಲೀಸ್ ಜೀಪು ಬಂದು ನಿಂತ ಸಪ್ಪಳ ಕೇಳಿಸಿತು. ಮಾಯವ್ವ ಗೋಡೆ ಹಿಡಿದು ಎದ್ದು, ಬಾಗಿಲ ಕಡೆ ನಡೆದಳು.