ನಿದ್ದೆ ಮಾಡುವ ಮದ್ದು

ಎಂಟು ತಿಂಗಳು, ಎಂಟು ಕೊಳವೆ ರಕ್ತ, ಬೆನ್ನಿಗೆ ಉಜ್ಜಿದ ಎಣ್ಣೆ ಎಷ್ಟು ಬಾಟಲಿಯೋ, ಎಲ್ಲ ಸೇರಿ ಆದ ಖರ್ಚು ನನ್ನ ಬೆನ್ನುಮೂಳೆ, ಡಾಕ್ಟರು ಸ್ಕ್ಯಾನಿನ ಚಿತ್ರದ ಮೇಲೆ ಪೆನ್ನಿಟ್ಟು ತೋರಿಸಿದರು, ಮೂರು ಕಪ್ಪು ಚುಕ್ಕೆ, ಒಳಗೆ ಹುಳ ಸತ್ತ ರೇಷ್ಮೆಗೂಡಿನ ಮೇಲೆ ಮೂಡುವ ಕಲೆಯ ಹಾಗೆ — ಶೆಡ್ಡಿನೊಳಗೆ ಗೂಡು ಬೇಯುತ್ತಿದೆ, ಆವಿ ಬಾಗಿಲು ದಾಟಿ ಬಂದು ತೊಡೆಯ ಮೇಲಿನ ಕಾಗದ ಮೆತ್ತಗಾಗುತ್ತಿದೆ, ನನ್ನ ರಕ್ತ ಬಳಸಲು ಒಪ್ಪಿಗೆ ಕೇಳಿ ಅಕ್ಷತ ತಂದ ಕಾಗದ, ನನ್ನ ಹೆಸರು ಆಗಲೇ ಅಚ್ಚಾಗಿದೆ, ಆದಿನಾರಾಯಣಪ್ಪ, ಅರವತ್ತಾರು ವರ್ಷ, ವಿಜಯಪುರ, ಕೆಳಗೊಂದು ಖಾಲಿ ಗೆರೆ. ಸೈನ್ ಮಾಡಿ ಮಾವ, ಇಲ್ಲಾಂದ್ರೆ ಎಂಟೂ ಟ್ಯೂಬು ಚೆಲ್ಲಬೇಕಾಗ್ತದೆ. ಮಾಡಿ ಅನ್ನುತ್ತಾಳೆ ಈಗ, ಮೊನ್ನೆಯವರೆಗೆ ಮಾಡು ಮಾವ, ತಿನ್ನು ಮಾವ ಅನ್ನುತ್ತಿದ್ದವಳು, ಅಕ್ಕನ ಮಗಳು, ಅಪ್ಪ ಸತ್ತ ಮೇಲೆ ಈ ಮನೆಯಲ್ಲೇ ಬೆಳೆದವಳು, ನೂಲು ಬಿಚ್ಚುವ ಸದ್ದಿನಲ್ಲೇ ಎಂ.ಎಸ್ಸಿ. ಓದಿ ದೇವನಹಳ್ಳಿ ಕಡೆ ಲ್ಯಾಬು ಸೇರಿದವಳು, ಈಗ ಕಂಬಕ್ಕೆ ಒರಗಿ ನಿಂತು ಉಗುರು ಕಚ್ಚುತ್ತಿದ್ದಾಳೆ, ಚಿಕ್ಕವಳಿದ್ದಾಗ ಸ್ಲೇಟು ಒಡೆದು ಬಂದು ಹೀಗೇ ನಿಲ್ಲುತ್ತಿದ್ದಳು, ಆಗ ನಾನು ನಗುತ್ತಿದ್ದೆ.

ಇದೇ ಜಗುಲಿಯ ಮೇಲೆ ಕೂತು ತನ್ನ ಮದ್ದಿನ ಕತೆ ಹೇಳಿದ್ದಳು — ವಿಷಾನೇ ಮಾವ, ಆದ್ರೆ ನಿದ್ದೆ ಮಾಡೋ ವಿಷ, ಪ್ರೋಡ್ರಗ್ ಅಂತಾರೆ, ಅದಕ್ಕೊಂದು ಬಾಲ ಕಟ್ತೀವಿ, ಬಾಲ ಇರೋತನಕ ಯಾರಿಗೂ ಏನೂ ಮಾಡಲ್ಲ, ಗಂಡಸ್ರ ಪ್ರಾಸ್ಟೇಟ್ ಗ್ರಂಥೀಲಿ ಪಿಎಸ್‌ಎ ಅಂತ ಒಂದು ಕಿಣ್ವ ಇರ್ತದೆ, ಕತ್ತರಿ ಅನ್ಕೋ, ಕ್ಯಾನ್ಸರ್ ಗಡ್ಡೆ ಇರೋ ಕಡೆ ಆ ಕತ್ತರಿ ಬಾಲ ಕತ್ತರಿಸ್ತದೆ, ವಿಷ ಅಲ್ಲೇ ಏಳ್ತದೆ, ಗಡ್ಡೆ ಸಾಯ್ತದೆ, ಮಿಕ್ಕ ಮೈಗೆ ಏಟಿಲ್ಲ. ನಾನು ಕೇಳಿದೆ, ಕತ್ತರಿ ರಕ್ತಕ್ಕೆ ಸೋರಿದ್ರೆ ಏನವ್ವಾ ಗತಿ, ಮೈಯೆಲ್ಲಾ ವಿಷ ಏಳಲ್ವಾ. ಅವಳು ತೊಡೆ ತಟ್ಟಿಕೊಂಡು ನಕ್ಕಳು, ನಮ್ಮ ಸಾರ್ ಕೇಳೋದನ್ನೇ ಕೇಳ್ಬಿಟ್ಯಲ್ಲ ಮಾವ, ರಕ್ತಕ್ಕೆ ಬಂದ ಕತ್ತರಿಗೆ ಬೇರೆ ಪ್ರೋಟೀನು ಅಂಟ್ಕೊಂಡು ಸುಮ್ಮನಿರಿಸ್ತದೆ ಅಂತ ನಮ್ಮ ನಂಬಿಕೆ, ಅದನ್ನ ನೋಡೋಕೆ ರೋಗ ಇಲ್ಲದ ವಯಸ್ಸಾದೋರ ರಕ್ತ ಬೇಕು, ಕೊಡ್ತೀಯಾ. ರೋಗ ಇಲ್ಲದೋರ ರಕ್ತ. ತೋಳು ಚಾಚಿಬಿಟ್ಟೆ. ಗೂಡಿನ ಮಾರ್ಕೆಟ್ಟಿನಲ್ಲಿ ಹೇಳಿಕೊಂಡು ತಿರುಗಿದೆ, ನಮ್ಮ ಹುಡುಗಿ ನನ್ನ ರಕ್ತದಲ್ಲಿ ಮದ್ದು ನೋಡ್ತಾವ್ಳೆ ಕಣೋ, ಜೊತೆಗೆ ಗೂಡು ಕೊಳ್ಳುವ ಗೆಳೆಯ ಕೆಂಪರಾಜ್ ಗೂಡನ್ನು ಕಿವಿಯ ಹತ್ತಿರ ಅಲುಗಾಡಿಸುತ್ತಾ ಹೇಳಿದ, ಹುಷಾರು ಕಣಣ್ಣೋ, ಬಾಟ್ಲಿ ಮೇಲೆ ನಿನ್ನ ಫೋಟೋ ಹಾಕ್ಬಿಟ್ಟಾಳು, ಮದ್ದು ಕುಡಿಯೋರು ಹೆದರ್ಕೊಂಡಾರು. ಗೂಡು ಅಲುಗಾಡಿಸಿ ಒಳಗಿನ ಹುಳ ಬದುಕಿದೆಯೋ ಸತ್ತಿದೆಯೋ ಹೇಳುವ ನಾನು, ನಲವತ್ತು ವರ್ಷ ಒಮ್ಮೆಯೂ ಮೋಸ ಹೋಗದ ನಾನು.

ಮೊದಲ ಕೊಳವೆಯಲ್ಲೇ ಅಕ್ಷತಳಿಗೆ ಗೊತ್ತಾಯಿತಂತೆ. ನಾಲ್ಕರೊಳಗೆ ಇರಬೇಕಾದ ಪಿಎಸ್‌ಎ ಹದಿನೆಂಟು, ಒಳಗೆ ಗಡ್ಡೆ ಇರುವ ಸೂಚನೆ. ಅವತ್ತು ಸಂಜೆಯೇ ಅಡುಗೆಮನೆಯಲ್ಲಿ ಅತ್ತೆಗೆ ಹೇಳಿದಳಂತೆ, ನನ್ನ ಹೆಂಡತಿ ಆದಿಲಕ್ಷ್ಮಮ್ಮನಿಗೆ, ನನಗಲ್ಲ, ನಾನು ಆಗ ನಡುಮನೆಯಲ್ಲಿ ಕೂತು ಅವಳೇ ತಂದ ದಿಲ್‌ಪಸಂದ್ ತಿನ್ನುತ್ತಿದ್ದೆ, ಒಂದು ಗೋಡೆ ಮಾತ್ರ ಅಡ್ಡ. ಮದುವೆ ಮುಗೀಲಿ ಕಣೇ ಅಕ್ಷತ, ತೂಬಗೆರೆಯೋರ ಕಿವಿಗೆ ಬಿದ್ರೆ ಸಂಬಂಧ ಮುರ್ದೋಗ್ತದೆ, ಇವರಿಗೆ ಗೊತ್ತಾದ್ರೆ ಇವರೇ ನಿಲ್ಲಿಸ್ಬಿಡ್ತಾರೆ ಅಂದಳಂತೆ ಹೆಂಡತಿ. ಮಗಳು ನವ್ಯಶ್ರೀಗೆ ತೂಬಗೆರೆಯ ಗಂಡು ಗೊತ್ತಾಗಿತ್ತು, ಗಂಡಿನ ಅಜ್ಜಿ ತೀರಿಕೊಂಡು ವರ್ಷ ತುಂಬದೆ ಲಗ್ನ ಇಲ್ಲ ಅಂದಿದ್ದರು, ಹಾಗಾಗಿ ಎಂಟು ತಿಂಗಳು. ನಾನು ನಿಲ್ಲಿಸುತ್ತಿದ್ದೆನೇ? ತೂಬಗೆರೆಗೆ ಹೋಗಿ ಬೀಗರ ಕೈ ಹಿಡಿದು ಹೀಗಿದೆ ನೋಡಿ ಅನ್ನುತ್ತಿದ್ದೆ, ಒಪ್ಪದಿದ್ದರೆ ಅಂಥವರ ಮನೆಗೆ ಮಗಳು ಹೋಗದಿದ್ದದ್ದೇ ಒಳ್ಳೆಯದಾಯಿತು ಅನ್ನುತ್ತಿದ್ದೆ, ನನ್ನನ್ನು ಒಂದು ಮಾತು ಕೇಳಿದ್ದರೆ ದಾರಿ ಹೇಳುತ್ತಿದ್ದೆ — ಬೆನ್ನು ನೋವು ಶುರುವಾಯಿತು, ಗೂಡಿನ ಮೂಟೆ ಎತ್ತಿದ್ದಕ್ಕೆ ಅಂದಳು ಹೆಂಡತಿ, ಎಣ್ಣೆ ಹಚ್ಚುವಾಗ ಬೆನ್ನುಮೂಳೆ ಬಂದ ಕಡೆ ಕೈ ತೆಗೆದುಬಿಡುತ್ತಿದ್ದಳು, ನನಗೆ ನೋಯದಿರಲಿ ಅಂತ ಪಾಪ ಅಂದುಕೊಂಡೆ. ಅಕ್ಷತ ತಿಂಗಳು ತಪ್ಪದೆ ಬಂದಳು, ಹದಿನೆಂಟು ಇಪ್ಪತ್ತಾರಾಯಿತು, ನಲವತ್ತಾಯಿತು, ಕೊನೆಗೆ ನೂರ ನಲವತ್ತು.

ಆಮೇಲೆ ಮದುವೆ. ಧಾರೆ ಎರೆಯಲು ಚೆಂಬು ಎತ್ತಿದರೆ ಬೆನ್ನಿನಲ್ಲಿ ಸೂಜಿ ಮುರಿದ ಹಾಗೆ, ತೋಳು ಮೇಲೇಳಲಿಲ್ಲ, ಅಷ್ಟರಲ್ಲಿ ಹಿಂದಿನಿಂದ ಬಂದು ನನ್ನ ಮೊಣಕೈ ಕೆಳಗೆ ಕೈ ಕೊಟ್ಟವಳು ಅಕ್ಷತ, ನಾಲ್ಕು ಬೆರಳು ಬಿಗಿಯಾಗಿ, ಹಾಲು ಸುರಿಯಿತು, ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ನವ್ಯ ಹೊರಟುಹೋಗುತ್ತಾಳಲ್ಲ ಅಂತ ಅಳುತ್ತಿದ್ದಾಳೆ ಅಂದುಕೊಂಡು, ಅಳಬೇಡವೇ ಹುಚ್ಚಿ, ನಿಂಗೂ ಮಾಡ್ತೀನಿ ಅಂದೆ. ಅಂದೆನಲ್ಲ.

ಮದುವೆ ಮುಗಿದ ಮೇಲೇ ನನಗೆ ಹೇಳಿದ್ದು, ಆಸ್ಪತ್ರೆಗೆ ಕರೆದೊಯ್ದದ್ದು. ಡಾಕ್ಟರು ಹೇಳಿದರು, ಎಂಟು ತಿಂಗಳ ಹಿಂದೆ ಬಂದಿದ್ರೆ ಗ್ರಂಥಿ ಒಳಗೇ ಇತ್ತೇನೋ, ತೆಗೀಬಹುದಿತ್ತೇನೋ, ಈಗ ಹಿಡಿದಿಡೋದಷ್ಟೇ ಯಜಮಾನ್ರೇ. ನಿನ್ನ ಮದ್ದೇ ಕೊಡವ್ವಾ ಅಂದೆ ಅಕ್ಷತಳಿಗೆ. ಅದಿನ್ನೂ ಇಲಿ ಮೇಲಿನ ಪರೀಕ್ಷೇಲೇ ಇದೆ ಮಾವ. ಈಗ ಕಾಗದ ಹಿಡಿದು ಬಂದಿದ್ದಾಳೆ, ಎಂಟರಲ್ಲೂ ಬಾಲ ಉಳೀತು ಮಾವ, ನಂಬರ್ ಅಷ್ಟು ಏರಿದ್ರೂ ರಕ್ತದಲ್ಲಿ ವಿಷ ಏಳಲಿಲ್ಲ, ಒಬ್ಬರದೇ ಇಂಥ ರಕ್ತ ಸಾಲಾಗಿ ನಮಗೆ ಸಿಗೋದೇ ಇಲ್ಲ. ಇಂಥ ರಕ್ತ. ನಿಮ್ಮತ್ತೆ ಹೆದರಿದ್ಲು ಕಣೇ, ಓದಿದೋಳು ನೀನ್ಯಾಕೆ ಸುಮ್ನಿದ್ದೆ. ಮೊದಲ್ನೇ ತಿಂಗಳು ಅತ್ತೆ ಮಾತಿಗೆ ಮಾವ. ಆಮೇಲೆ? ಒಳಗಿನ ಬಾಗಿಲಲ್ಲಿ ಹೆಂಡತಿಯ ಬಳೆ ಸದ್ದು ನಿಂತಿತು. ಆಮೇಲೆ ಹೇಳವ್ವಾ? ಆಮೇಲೆ ನಂಬರ್ ಏರ್ತಿತ್ತು, ಮದ್ದು ಏಳ್ತಿರಲಿಲ್ಲ... ಇನ್ನೊಂದು ತಿಂಗಳು ನೋಡೋಣ ಅನ್ನಿಸ್ತು ಮಾವ. ಇನ್ನೊಂದು ತಿಂಗಳು. ಹೆಂಡತಿ ಮಗಳಿಗೋಸ್ಕರ ಮುಚ್ಚಿಟ್ಟಳು, ಅದನ್ನು ಹೇಗೋ ನುಂಗಬಹುದು, ಇವಳು ಕೊಳವೆಗೋಸ್ಕರ.

ಹರಿದು ಹಾಕಬಹುದು ಈ ಕಾಗದ, ಹರಿದರೆ ಯಾರಿಗೇನು ಸಿಕ್ಕಿತು, ಕೆಂಪರಾಜನಿಗೂ ಅರವತ್ತಾಯಿತು, ಅವನು ಗಂಟೆಗೆ ಮೂರು ಸಲ ಉಚ್ಚೆಗೆ ಏಳುತ್ತಾನೆ, ನಾಳೆ ಅವನಿಗಾದರೂ — ಪೆನ್ನು ಕೊಡು. ಗೆರೆಯ ಮೇಲೆ ಹೆಸರು ಬರೆದೆ, ಒದ್ದೆ ಕಾಗದದಲ್ಲಿ ಶಾಯಿ ಹರಡಿತು. ತಗೊಂಡ್ಹೋಗು, ನಾಳೆ ಕೆಂಪರಾಜನ್ನ ಟೆಸ್ಟಿಗೆ ಕರ್ಕೊಂಡ್ಹೋಗು, ಬಂದ ನಂಬರ್ ಅವನ ಕೈಗೇ ಕೊಡು, ಇನ್ನು ನನ್ನ ತೋಳು ಮುಟ್ಟಬೇಡ. ಅವಳು ಮೆಟ್ಟಿಲು ಇಳಿಯುತ್ತಾಳೆ, ತಿರುಗಿ ನೋಡುತ್ತಾಳೆ, ನಾನು ನೋಡುವುದಿಲ್ಲ, ಮನಸ್ಸಿನಲ್ಲಿ ಮತ್ತೆ ಧಾರೆಯ ಚೆಂಬು ಎತ್ತುತ್ತಿದ್ದೇನೆ, ಮೊಣಕೈ ಕೆಳಗೆ ನಾಲ್ಕು ಬೆರಳು, ನೂರ ನಲವತ್ತು ಅಂತ ಗೊತ್ತಿದ್ದ ಬೆರಳು, ಹಾಲು ಸುರಿಯುತ್ತಿದೆ, ಮತ್ತೆ ಬೆರಳು — ಮಗಳ ಮದುವೆಯಾಯಿತು, ಅವಳ ಮದ್ದಿಗೆ ಪುರಾವೆ ಸಿಕ್ಕಿತು, ನಾನು ವಾಸಿಯಾಗುವ ಕಾಲ ಹೋಯಿತು, ಅವಳೂ ಹೋದಳು, ಮೊಣಕೈ ಕೆಳಗೆ ಆ ನಾಲ್ಕು ಬೆರಳು ಮಾತ್ರ ಇನ್ನೂ —